ಅಮ್ಮನ ಸ್ವಿಚ್ಚಿಗೆ ನಾನು ಅಂಟಿಸಿದ ಟೇಪು

ಸುಲಿತ ಮುಗೀತು, ಅಡಿಕೆ ಚಪ್ಪರ ಏರಿದೆ, ಇವತ್ತು ಸ್ವಲ್ಪ ಪುರುಸೊತ್ತು. ಬಹಳ ದಿನದಿಂದ ಬರೀಬೇಕು ಅಂದುಕೊಂಡಿದ್ದನ್ನ ಬರೀತಿದೀನಿ. ಈ ಸಲ ಕೊಳೆರೋಗದ ಮಾತಿಲ್ಲ, ಬೋರ್ಡೋ ಮಾತಿಲ್ಲ. ಅಂಗಳದ ದೀಪದ ವಿಷಯ. ಇದೇನು ಬರೆಯೋ ವಿಷಯವಾ ಅಂತ ನಗಬೇಡಿ, ಪೂರ್ತಿ ಓದಿ.

ನಮ್ಮ ಸುತ್ತಮುತ್ತ ಹೋದ ಎರಡು ಮೂರು ವರ್ಷದಲ್ಲಿ ಹೊರಗಡೆ ಹೊಸ ದೀಪ ಹಾಕದ ಮನೆ ಕಡಿಮೆ. ಕೆಲವರು ದಣಪೆ ಹತ್ರ ಸೋಲಾರ್ ಹಾಕಿದ್ದಾರೆ, ಕೆಲವರು ಸೂರಿಗೆ ಐವತ್ತು ವಾಟಿನ ಫ್ಲಡ್ ಲೈಟ್ ಬಿಗಿದಿದ್ದಾರೆ. ಮಕ್ಕಳು ಬೆಂಗಳೂರಲ್ಲಿರೋ ಮನೆಗಳಿಗೆ ಫೋನಿಂದ ಹತ್ತಿಸೋ ಸ್ಮಾರ್ಟ್ ಬಲ್ಬು ಬಂದಿದೆ. ನಮ್ಮನೆಗೂ ಬಂತು. ಹೋದ ವರ್ಷ ಯುಗಾದಿಗೆ ಬಂದ ಮಗ ಮೂರು ಬಲ್ಬು ತಂದು ಹಾಕಿದ. ಒಂದು ಅಂಗಳಕ್ಕೆ, ಒಂದು ಬಚ್ಚಲುಮನೆ ದಾರಿಗೆ, ಒಂದು ಕೊಟ್ಟಿಗೆ ಬಾಗಿಲಿಗೆ. ಸಂಜೆ ತಾನೇ ಹತ್ತುತ್ತೆ, ಹತ್ತು ಗಂಟೆಗೆ ಆರುತ್ತೆ, ಬೆಳಗಿನ ಜಾವ ನಾಲ್ಕೂವರೆಗೆ ಅಮ್ಮ ಏಳೋ ಹೊತ್ತಿಗೆ ಮತ್ತೆ ಹತ್ತುತ್ತೆ. ನಾನು ತೋಟದಲ್ಲಿ ನಿಂತು ಫೋನಲ್ಲಿ ಆರಿಸಿ ಹತ್ತಿಸಿ ಆಚೆಮನೆ ಭಾವನಿಗೆ ತೋರಿಸಿದ್ದೂ ಉಂಟು. ಸುಳ್ಳು ಯಾಕೆ ಹೇಳಲಿ, ಹೆಮ್ಮೆಯಾಗಿತ್ತು.

ಒಂದೇ ತಕರಾರು ಇದ್ದಿದ್ದು ಅಮ್ಮಂದು. ಸ್ಮಾರ್ಟ್ ಬಲ್ಬಿಗೆ ಗೋಡೆಯ ಸ್ವಿಚ್ಚು ಯಾವಾಗಲೂ ಹಾಕಿಯೇ ಇರಬೇಕು. ಸ್ವಿಚ್ಚು ತೆಗೆದರೆ ಬಲ್ಬಿಗೆ ಕರೆಂಟೇ ಇಲ್ಲ, ಫೋನು ಎಷ್ಟು ಒತ್ತಿದರೂ ಮಾತು ಕೇಳಲ್ಲ. ಅಮ್ಮನಿಗೆ ಎಪ್ಪತ್ತೆಂಟು. ಜಗಲಿ ಬಾಗಿಲು ದಾಟುವಾಗ ಎಡಗೈ ತಾನಾಗಿ ಆ ಸ್ವಿಚ್ಚಿಗೆ ಹೋಗುತ್ತೆ, ಒಳಗೆ ಬರುವಾಗ ಬಲಗೈ ಆರಿಸುತ್ತೆ. ಎಷ್ಟೋ ವರ್ಷದ ರೂಢಿ. ದಿನಾ ಬಲ್ಬು ಸಂಪರ್ಕ ತಪ್ಪೋದು, ನಾನು ದಿನಾ ರೇಗೋದು. ಕೊನೆಗೆ ಒಂದು ದಿನ ಕಪ್ಪು ಟೇಪು ತಂದು ಮೂರೂ ಸ್ವಿಚ್ಚಿನ ಮೇಲೆ ಅಂಟಿಸಿ, "ಅಮ್ಮಾ, ಇನ್ಮೇಲೆ ಇದನ್ನ ಮುಟ್ಬೇಡ" ಅಂದೆ.

ಅಕ್ಟೋಬರ್‌ನಲ್ಲಿ, ದೀಪಾವಳಿಗೆ ಮುಂಚೆ, ಒಂದು ಸಂಜೆ ಭಾರಿ ಗುಡುಗು ಮಳೆ ಬಂತು. ಏಳು ಗಂಟೆಗೆ ಮರ ಬಿದ್ದು ಕರೆಂಟೂ ಹೋಯ್ತು, ನೆಟ್ಟಿನ ಕೇಬಲ್ಲೂ ಹರೀತು. ಕರೆಂಟು ಬೆಳಗಿನ ಜಾವ ಮೂರಕ್ಕೋ ಏನೋ ಬಂದಿದೆ. ನೆಟ್ ಬರಲಿಲ್ಲ. ನಮ್ಮ ಬಲ್ಬಿಗೆ ಸಮಯ ಹೇಳೋದು ನೆಟ್ಟು. ನೆಟ್ ಇಲ್ಲದ್ದಕ್ಕೆ ನಾಲ್ಕೂವರೆಗೆ ದೀಪ ಹತ್ತಲಿಲ್ಲ. ಇನ್ನೊಂದು ಮಾತು: ಈ ಬಲ್ಬುಗಳಲ್ಲಿ ಕರೆಂಟು ಹೋಗಿ ಬಂದಾಗ ಹತ್ತಬೇಕೋ ಆರೇ ಇರಬೇಕೋ ಅನ್ನೋ ಒಂದು ಸೆಟ್ಟಿಂಗ್ ಇರುತ್ತೆ. ನಮ್ಮಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗಿ ಬರುತ್ತಲ್ಲ, ಮಧ್ಯರಾತ್ರಿ ಎಲ್ಲ ದೀಪ ಒಟ್ಟಿಗೆ ಹತ್ತೋದು ಬೇಡ ಅಂತ ಅದನ್ನ "ಆರೇ ಇರಲಿ" ಅಂತ ಇಟ್ಟಿದ್ದೆ. ಇಟ್ಟವನು ನಾನೇ.

ಅಮ್ಮ ಎದ್ದಳು. ಹೊರಗೆ ಕತ್ತಲೆ. ಬ್ಯಾಟರಿ ನನ್ನ ಕೋಣೆಯಲ್ಲಿತ್ತು, ನನ್ನ ಎಬ್ಬಿಸೋದು ಬೇಡ ಅಂತ ಹಾಗೇ ಇಳಿದಿದ್ದಾಳೆ. ಮಳೆಗಾಲ ಮುಗಿದಿದ್ದರೂ ಬಚ್ಚಲು ದಾರಿಯ ಕಲ್ಲಿನ ಮೇಲೆ ಪಾಚಿ ಹೋಗಿರಲಿಲ್ಲ. ಎರಡನೇ ಕಲ್ಲಿನ ಮೇಲೆ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರೀತು, ಆರು ವಾರ ಪ್ಲಾಸ್ಟರ್. ಸೊಂಟ ಉಳೀತು, ಅದು ದೇವರು ದೊಡ್ಡವನು.

ಆಸ್ಪತ್ರೆಗೆ ಹೋಗೋ ಜೀಪಲ್ಲಿ ಕೂತು ಕೇಳಿದೆ, "ಆ ಟೇಪು ಕಿತ್ತು ಸ್ವಿಚ್ಚು ಒತ್ತಿ ನೋಡ್ಬಾರ್ದಿತ್ತಾ ಅಮ್ಮಾ?" ಅಂತ. "ಮುಟ್ಬೇಡ ಅಂತ ನೀನೇ ಹೇಳಿದ್ಯಲ್ಲೋ" ಅಂದಳು. ಬೈದಿದ್ದಲ್ಲ, ಸುಮ್ಮನೆ ಹೇಳಿದ್ದು. ಕಿತ್ತು ಒತ್ತಿದ್ದರೂ ನನ್ನ ಸೆಟ್ಟಿಂಗಿಗೆ ದೀಪ ಹತ್ತುತ್ತಿರಲಿಲ್ಲ ಅನ್ನೋದು ನನಗೆ ಮಾತ್ರ ಗೊತ್ತಿತ್ತು.

ಮಗನ ಹತ್ರ ಹೇಳಿದೆ. "ಅಪ್ಪಾ, ಅಜ್ಜಿಗೆ ಒಂದು ಹಳೇ ಫೋನ್ ಕೊಟ್ಟು ಕಲಿಸಿದ್ರೆ ಆಗ್ತಿತ್ತು" ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಪ್ರೀತಿಯಿಂದ ತಂದಿದ್ದು. ಆದರೆ ನನ್ನ ಅಭಿಪ್ರಾಯ ಇಲ್ಲೇ ಬದಲಾಗಿದ್ದು. ಮನೆ ಹೊರಗಿನ ದೀಪ ಆರಿಸೋವಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಕರೆಂಟು ಹೋಗಿ ಬಂದಿದೆ, ನೆಟ್ ಇಲ್ಲ, ಫೋನ್ ಚಾರ್ಜ್ ಸತ್ತಿದೆ, ಆ ಹೊತ್ತಲ್ಲಿ ಮನೆಯ ಅತಿ ಹಿರಿಯರು ಕತ್ತಲಲ್ಲಿ ಕೈ ಚಾಚಿದರೆ ದೀಪ ಹತ್ತುತ್ತಾ? ಹತ್ತುತ್ತೆ ಅಂದರೆ ಅದು ಬುದ್ಧಿ ಇರೋ ದೀಪ. ಇಲ್ಲ ಅಂದರೆ ಎಷ್ಟು ಬಣ್ಣ ಬದಲಾಯಿಸಿದರೂ ಅದು ಆಟದ ಸಾಮಾನು.

ಆಮೇಲೆ ಎರಡು ತಿಂಗಳು ಇದನ್ನೇ ತಲೆಗೆ ಹಚ್ಚಿಕೊಂಡು ನೋಡಿದೆ, ಒಂದೆರಡು ಕಡೆ ದುಡ್ಡೂ ಕಳೆದೆ. ಕಲಿತಿದ್ದನ್ನ ಹೇಳ್ತೀನಿ, ನಿಮ್ಮ ದುಡ್ಡು ಉಳಿದರೆ ಉಳೀಲಿ.

ಮೊದಲನೇದು, ಓಡಾಡೋ ದಾರಿಗೆ ಸೆನ್ಸರ್ ದೀಪದಷ್ಟು ಒಳ್ಳೇದು ಇನ್ನೊಂದಿಲ್ಲ. ಅದಕ್ಕೆ ನೆಟ್ಟೂ ಬೇಡ, ಫೋನೂ ಬೇಡ. ಮೈಬಿಸಿ ಇರೋ ಜೀವ ಅಲುಗಾಡಿದರೆ ಅದರ ಕಣ್ಣಿಗೆ ಗೊತ್ತಾಗುತ್ತೆ, ಹತ್ತುತ್ತೆ, ಹೇಳಿದಷ್ಟು ಹೊತ್ತು ಉರಿದು ಆರುತ್ತೆ. ಹಿಂದುಗಡೆ ಸಾಮಾನ್ಯವಾಗಿ ಮೂರು ತಿರುಪು ಇರುತ್ತೆ: ಎಷ್ಟು ಹೊತ್ತು ಉರೀಬೇಕು, ಎಷ್ಟು ದೂರ ಗಮನಿಸಬೇಕು, ಎಷ್ಟು ಕತ್ತಲಾದಾಗ ಕೆಲಸ ಶುರು ಮಾಡಬೇಕು. ಏಳೆಂಟು ಅಡಿ ಎತ್ತರಕ್ಕೆ ಹಾಕಿ. ನಾವು ಅದರ ಕಡೆಗೇ ನೆಟ್ಟಗೆ ನಡೆದು ಬಂದರೆ ಅದು ತಡವಾಗಿ ಎಚ್ಚರಾಗುತ್ತೆ, ಅದರ ಮುಂದೆ ಅಡ್ಡ ಹಾದರೆ ಬೇಗ. ಹಾಗಾಗಿ ದಾರಿಯ ತುದಿಗಿಂತ ದಾರಿಯ ಬದಿಗೆ ಹಾಕೋದು ಸರಿ. ನಾಯಿ ಬೆಕ್ಕು ಓಡಾಡಿದರೂ ಹತ್ತುತ್ತೆ, ಅದನ್ನ ಸಹಿಸಿಕೊಳ್ಳಿ. ರೇಡಾರ್ ಸೆನ್ಸರ್ ಅಂತ ಇನ್ನೊಂದು ಜಾತಿ ಬರುತ್ತೆ, ಅದು ಮೈಬಿಸಿ ನೋಡಲ್ಲ, ಅಲುಗಾಟ ಮಾತ್ರ ನೋಡುತ್ತೆ. ಬಾಳೆ ಎಲೆ ಅಲುಗಿದರೂ, ಮಳೆ ಹೊಯ್ದರೂ ಅದು ಹತ್ತಿಕೊಳ್ಳಬಹುದು. ನಮ್ಮ ಮಳೆಗಾಲಕ್ಕೆ ಹೊರಗಡೆ ಅದು ಆಗಿಬರಲ್ಲ.

ಅಂಗಡಿಯವರು "ಹಾವು ಬಂದ್ರೂ ಹತ್ತುತ್ತೆ ಸಾರ್" ಅಂದರೆ ನಂಬಬೇಡಿ. ಹಾವಿನ ಮೈ ನೆಲದಷ್ಟೇ ತಣ್ಣಗೆ, ಸೆನ್ಸರಿಗೆ ಅದು ಇದ್ದೂ ಇಲ್ಲದ ಹಾಗೆ. ದೀಪ ಹತ್ತೋದು ನಿಮ್ಮ ಮೈಬಿಸಿಗೆ. ಹತ್ತಿದ ಮೇಲೆ ಹಾವು ನೋಡಬೇಕಾದ್ದು ನಿಮ್ಮ ಕಣ್ಣು. ಅದಕ್ಕೇ ಬೆಳಕು ನೆಲಕ್ಕೆ ಬೀಳಬೇಕು, ಮುಖಕ್ಕಲ್ಲ.

ಎರಡನೇದು, ಬಣ್ಣ. ಇದನ್ನ ನಾವು ರೈತರು ಯಾರೂ ಕೇಳಿ ತರಲ್ಲ. ಡಬ್ಬಿ ಮೇಲೆ 6500 ಕೆ ಅಂತ ಇದ್ದರೆ ಅದು ನೀಲಿ ಛಾಯೆಯ ಬೆಳ್ಳಗಿನ ಬೆಳಕು, 2700 ಅಥವಾ 3000 ಕೆ ಅಂತ ಇದ್ದರೆ ಹಳೇ ಬಲ್ಬಿನ ಥರ ಹಳದಿ. ಹುಳಕ್ಕೆ ನೀಲಿ ಬೆಳಕು ಇಷ್ಟ, ಹಳದಿಗೆ ಕಡಿಮೆ ಬರುತ್ತೆ. ಮೊದಲ ಮಳೆ ಬಿದ್ದಾಗ ರೆಕ್ಕೆ ಗೆದ್ದಲು ಎದ್ದು ದೀಪ ಮುತ್ತೋದು ನೋಡಿಲ್ವಾ? ಹುಳ ಬಂದ ಕಡೆ ಕಪ್ಪೆ ಬರುತ್ತೆ, ಹಲ್ಲಿ ಬರುತ್ತೆ. ಕಪ್ಪೆ ಬಂದ ಕಡೆ ಕಟ್ಟುಹಾವು, ನಾಗರ, ಕೊಳಕುಮಂಡಲ ಇವುಗಳಿಗೂ ಊಟದ ಬಟ್ಟಲು ಇಟ್ಟ ಹಾಗೆ. ಹಾವಿನ ಹೆದರಿಕೆಗೆ ಬೆಳ್ಳಗಿನ ದೀಪ ರಾತ್ರಿಯಿಡೀ ಉರಿಸೋದು ಅಂದರೆ ಹಾವಿಗೆ ಬೇಕಾದ್ದನ್ನ ಬಾಗಿಲಿಗೆ ಕರೆದು ಕೂರಿಸಿದ ಹಾಗೆ ಅಂತ ನನ್ನ ವಾದ. ಹಳದಿ ಇರಲಿ, ಬೇಕಾದಾಗ ಮಾತ್ರ ಹತ್ತಲಿ.

ಮೂರನೇದು, ಫ್ಲಡ್ ಲೈಟ್. ಇದಕ್ಕೆ ಕೆಲವರಿಗೆ ಸಿಟ್ಟು ಬರಬಹುದು. "ಬೆಳಕು ಜಾಸ್ತಿ ಇದ್ದಷ್ಟೂ ಕಳ್ಳ ಬರಲ್ಲ, ಹಂದಿ ಬರಲ್ಲ" ಅಂತ ವಾದ. ನಮ್ಮನೆಗೂ ಅಂಥದ್ದೊಂದಿತ್ತು. ಹಂದಿ ಒಂದು ವಾರ ಹೆದರಿತು, ಆಮೇಲೆ ಅದೇ ಬೆಳಕಲ್ಲಿ ಗೆಣಸು ಕಿತ್ತು ತಿಂತು. ಕಣ್ಣಿಗೆ ಹೊಡೆಯೋ ದೀಪದ ಅಡಿ ನಿಂತು ಆಚೆ ನೋಡಿ, ಬೆಳಕಿನ ಗಡಿ ಆಚೆ ಇರೋದು ಇನ್ನೂ ಕಪ್ಪಾಗಿ ಕಾಣುತ್ತೆ. ಒಮ್ಮೆ ಕಣ್ಣು ಕೋರೈಸಿದರೆ ಕತ್ತಲಿಗೆ ಪೂರ್ತಿ ಹೊಂದಿಕೊಳ್ಳೋಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ಕಳ್ಳನಿಗೆ ನೀವು ಕಾಣ್ತೀರಿ, ನಿಮಗೆ ಕಳ್ಳ ಕಾಣಲ್ಲ.

ಬೆಳೆಗೂ ಅದು ತೊಂದರೆ. ಅಂಗಳದ ಕೆಳಗಿನ ಗದ್ದೆ ಮೂಲೆಗೆ ಆ ಬೆಳಕು ಬೀಳ್ತಿತ್ತು. ಗದ್ದೆಯೆಲ್ಲ ತೆನೆ ಬಂದು ಬಾಗಿದರೂ ಆ ಮೂಲೆ ಮಾತ್ರ ಹಸಿರಾಗಿ ನಿಂತಿತ್ತು. ಗೊಬ್ಬರ ಹೆಚ್ಚಾಯ್ತೇನೋ ಅಂದುಕೊಂಡಿದ್ದೆ. ಕಾರಣ ದೀಪ. ಹಗಲು ಕಿರಿದಾಗೋದನ್ನ, ಅಂದರೆ ರಾತ್ರಿ ಉದ್ದ ಆಗೋದನ್ನ ಲೆಕ್ಕ ಇಟ್ಟು ತೆನೆ ಕಟ್ಟೋ ಭತ್ತಕ್ಕೆ ರಾತ್ರಿಯೇ ಆಗಿರಲಿಲ್ಲ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಸೇವಂತಿಗೆ ಬೆಳೆಯೋರು ಹೊಲದಲ್ಲಿ ರಾತ್ರಿ ಬಲ್ಬು ಉರಿಸೋದು ಇದೇ ಗುಟ್ಟಿಗೆ: ಬೆಳಕು ಕೊಟ್ಟರೆ ಹೂವು ತಡ ಆಗುತ್ತೆ, ಬೇಕಾದ ಕಾಲಕ್ಕೆ ಹೂವು ಸಿಗುತ್ತೆ. ಅವರು ಲಾಭಕ್ಕೆ ಮಾಡ್ತಾರೆ, ನಾನು ತಿಳೀದೆ ಮಾಡಿ ಜೊಳ್ಳು ಕೊಯ್ದೆ. ಮೇ ತಿಂಗಳಲ್ಲಿ ಮರದ ತುಂಬಾ ಮಿಣುಕೋ ಮಿಂಚುಹುಳನೂ ನಮ್ಮ ಅಂಗಳದ ಬದಿಯ ಹಲಸಿನ ಮರಕ್ಕೆ ಬರೋದು ಬಿಟ್ಟಿತ್ತು. ಆ ಹುಳ ಜೊತೆಗಾರ್ತಿಯನ್ನ ಕರೆಯೋದೇ ಬೆಳಕಲ್ಲಿ. ನಮ್ಮ ಫ್ಲಡ್ ಲೈಟ್ ಮುಂದೆ ಅದರ ಮಿಣುಕು ಯಾರಿಗೆ ಕಾಣಬೇಕು?

ಖರ್ಚಿನ ಲೆಕ್ಕ ನೋಡಿ. ಐವತ್ತು ವಾಟಿನ ಒಂದು ದೀಪ ರಾತ್ರಿ ಹನ್ನೊಂದು ಗಂಟೆ ಉರಿದರೆ ತಿಂಗಳಿಗೆ ಹದಿನಾರೂವರೆ ಯೂನಿಟ್. ಎರಡಿದ್ದರೆ ಮೂವತ್ತಮೂರು. 2023ರಿಂದ ಗೃಹಜ್ಯೋತಿ ಇದೆ ನಿಜ, ಆದರೆ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಅಲ್ಲ. ನಮ್ಮ ನಮ್ಮ ಹಳೇ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಮಿತಿ ಕಟ್ಟಿದ್ದಾರೆ. ಸಣ್ಣ ಬಳಕೆಯ ಮನೆಗೆ ಮೂವತ್ತು ಯೂನಿಟ್ ಏರಿದರೆ ಮಿತಿ ದಾಟಿತು ಅಂತಲೇ. ಹತ್ತು ವಾಟಿನ ಸೆನ್ಸರ್ ದೀಪ ರಾತ್ರಿಗೆ ಮೂವತ್ತು ಸಲ ಎರಡೆರಡು ನಿಮಿಷ ಹತ್ತಿದರೂ ಒಟ್ಟು ಒಂದು ಗಂಟೆ, ತಿಂಗಳಿಗೆ 0.3 ಯೂನಿಟ್. ತಮಾಷೆ ಏನಂದ್ರೆ ಸ್ಮಾರ್ಟ್ ಬಲ್ಬು ಆರಿದ್ದಾಗಲೂ ಫೋನಿನ ಮಾತಿಗೆ ಕಿವಿಗೊಟ್ಟು ಕೂತಿರುತ್ತೆ. ಅರ್ಧ ವಾಟು ಅಂತ ಹಿಡಿದರೂ ತಿಂಗಳಿಗೆ ಒಂದೊಂದಕ್ಕೆ ಮೂರನೇ ಒಂದು ಯೂನಿಟ್ ದಾಟುತ್ತೆ. ಸುಮ್ಮನೆ ಕೂತಿದ್ದಕ್ಕೆ ಸೆನ್ಸರ್ ದೀಪ ದುಡಿದಿದ್ದಕ್ಕಿಂತ ಹೆಚ್ಚು ಕೂಲಿ!

ನಾಲ್ಕನೇದು, ಸೋಲಾರ್. ದಣಪೆ ಹತ್ರ, ಪಂಪ್‌ಹೌಸ್ ಹತ್ರ, ತಂತಿ ಎಳೆಯೋಕಾಗದ ಕಡೆ ಒಳ್ಳೇದು. ಆದರೆ ಸಂತೆಯಲ್ಲಿ, ಫೋನಲ್ಲಿ ಬರೋ "200 ವಾಟ್" ಸೋಲಾರ್ ದೀಪದ ಬರಹ ನಂಬಬೇಡಿ. ನೆತ್ತಿ ಸುಡೋ ಬಿಸಿಲಿಗೂ ಒಂದು ಚದರ ಮೀಟರಿಗೆ ಬೀಳೋ ಶಕ್ತಿ ಸುಮಾರು 1000 ವಾಟ್. ಒಳ್ಳೇ ಪ್ಯಾನೆಲ್ ಅದರಲ್ಲಿ ಐದನೇ ಒಂದು ಭಾಗ ಹಿಡಿಯುತ್ತೆ. ಅಂದರೆ ಒಂದಡಿ ಉದ್ದ ಒಂದಡಿ ಅಗಲದ ಪ್ಯಾನೆಲ್ಲಿಂದ ಹದಿನೆಂಟು ವಾಟ್ ಬಂದರೆ ಹೆಚ್ಚು. ಅಂಗೈಯಗಲದ ಪ್ಯಾನೆಲ್ಲಿಂದ ಇನ್ನೂರು ಎಲ್ಲಿಂದ ಬರಬೇಕು ಮಾರಾಯ್ರೆ? ಪ್ಯಾನೆಲ್ ಬೇರೆ, ದೀಪ ಬೇರೆ ಇರೋದನ್ನೇ ತಗೊಳ್ಳಿ. ಪ್ಯಾನೆಲ್ ಮಾಡಿನ ಮೇಲೆ ಬಿಸಿಲಿಗೆ, ದೀಪ ಅಡಿಕೆ ಮರದ ನೆರಳಲ್ಲಿ ಬೇಕಾದ ಕಡೆ. ಬ್ಯಾಟರಿ ಲಿಥಿಯಂ ಫಾಸ್ಫೇಟ್ ಜಾತಿಯದ್ದಾದರೆ ಬಾಳಿಕೆ ಹೆಚ್ಚು, ಕೇಳಿ ತಗೊಳ್ಳಿ. ಎಷ್ಟೇ ಒಳ್ಳೇದಾದರೂ ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಕಡೆ ಅದನ್ನೇ ನೆಚ್ಚಿ ಕೂರಬೇಡಿ. ಕಾಲು ಜಾರೋದು ಆ ಮೂರು ತಿಂಗಳಲ್ಲೇ, ಸೂರ್ಯ ರಜೆ ಹಾಕೋದೂ ಆ ಮೂರು ತಿಂಗಳಲ್ಲೇ.

ಐದನೇದು, ನೀರು ಮತ್ತು ಸಿಡಿಲು. ಹೊರಗಿನ ದೀಪದ ಮೇಲೆ ಐಪಿ ಅಂತ ಎರಡಂಕಿ ಇರುತ್ತೆ. ಮೊದಲಂಕಿ ಧೂಳಿಗೆ, ಎರಡನೇದು ನೀರಿಗೆ. ಐಪಿ 44 ಅಂದರೆ ಎರಚಲು ತಡೆಯುತ್ತೆ, ಸೂರಿನ ಒಳಗೆ ಸಾಕು. ನಮ್ಮ ಗಾಳಿಮಳೆ ಅಡ್ಡಕ್ಕೆ ಹೊಡೆಯೋ ಜಾಗಕ್ಕೆ ಐಪಿ 65 ಬೇಕು. ಕಬ್ಬಿಣದ ಕಂಬಕ್ಕೆ ಲೋಹದ ದೀಪ ಕಟ್ಟಿದವರು ಅರ್ತಿಂಗ್ ಕೊಟ್ಟಿದ್ದೀರಾ ಅಂತ ಇವತ್ತೇ ನೋಡಿ. ಹೊರಗಿನ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಕಂಬ ಮುಟ್ಟೋ ನಮ್ಮಂಥವರ ಜೀವ ಉಳಿಸೋದು ಅದು. ಗುಡುಗು ಶುರುವಾದಾಗ ನಾವು ಟಿವಿ ಪ್ಲಗ್ ತೆಗೀತೀವಿ, ಹೊರಗಿನ ದೀಪದ ಲೈನೂ ತೆಗೆಯೋ ಹಾಗೆ ಒಂದು ಎಂಸಿಬಿ ಬೇರೆ ಇರಲಿ.

ಇನ್ನು ಫೋನಿನ ದೀಪ ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ. ಮನೆ ಬೀಗ ಹಾಕಿ ಮದುವೆಗೆ ಎರಡು ದಿನ ಹೋದಾಗ ಸಂಜೆ ದೀಪ ಹತ್ತಿಸೋಕೆ ಅದು ಉಪಯೋಗ. ಮಗನ ಆ ಮಾತು ಸರಿ. ಆದರೆ ಬಲ್ಬಿನಲ್ಲಿ ಬುದ್ಧಿ ಇಡೋದಕ್ಕಿಂತ ಸ್ವಿಚ್ಚಿನಲ್ಲಿ ಇಡೋದು ಮೇಲು. ಗೋಡೆಯ ಸ್ವಿಚ್ಚಿನ ಹಿಂದೆ ಕೂರೋ ಸಣ್ಣ ರಿಲೇ ಸಿಗುತ್ತೆ. ಫೋನಿಂದಲೂ ಹತ್ತುತ್ತೆ, ನೆಟ್ ಸತ್ತಾಗ ಗೋಡೆಯ ಸ್ವಿಚ್ಚು ಒತ್ತಿದರೂ ಹತ್ತುತ್ತೆ, ಬಲ್ಬು ಮಾಮೂಲಿಯದೇ. ಹಾಕಿಸೋ ಮುಂಚೆ ಆ ಸ್ವಿಚ್ ಬೋರ್ಡಿಗೆ ನ್ಯೂಟ್ರಲ್ ತಂತಿ ಬಂದಿದೆಯಾ ನೋಡಿಸಿ. ಹಳೇ ವೈರಿಂಗಿನಲ್ಲಿ ಬರೀ ಸ್ವಿಚ್ಚಿರೋ ಬೋರ್ಡಿಗೆ ಸಾಮಾನ್ಯವಾಗಿ ಇರಲ್ಲ, ಪ್ಲಗ್ಗಿರೋ ಬೋರ್ಡಿನಲ್ಲಿ ಇರುತ್ತೆ. ವೈಫೈ 2.4 ಗಿಗಾಹರ್ಟ್ಸ್‌ನಲ್ಲಿ ಇರಬೇಕು, ಈ ಸಾಮಾನುಗಳಲ್ಲಿ ಹೆಚ್ಚಿನವು ಅದರಲ್ಲೇ ಕೆಲಸ ಮಾಡೋದು. ಅದೂ ನಮ್ಮ ಜಂಬಿಟ್ಟಿಗೆಯ ದಪ್ಪ ಗೋಡೆ ಎರಡು ದಾಟೋ ಹೊತ್ತಿಗೆ ಸುಸ್ತಾಗುತ್ತೆ. ಕೊಟ್ಟಿಗೆ ತನಕ ಸಿಗುತ್ತೆ ಅಂತ ಲೆಕ್ಕ ಹಾಕೋ ಮುಂಚೆ ಫೋನ್ ಹಿಡಿದು ಅಲ್ಲಿ ನಿಂತು ನೋಡಿ.

ಈಗ ನಮ್ಮನೆಯಲ್ಲಿ ಇರೋದು ಇಷ್ಟು. ಬಚ್ಚಲು ದಾರಿಗೆ ಹತ್ತು ವಾಟಿನ ಹಳದಿ ಸೆನ್ಸರ್ ದೀಪ ಎರಡು, ಇನ್ವರ್ಟರ್ ಲೈನಿಗೆ ಕೊಟ್ಟಿದ್ದೀನಿ. ಕೊಟ್ಟಿಗೆ ದೀಪಕ್ಕೆ ಎರಡು ಕಡೆ ಸ್ವಿಚ್ಚು, ಮೆಟ್ಟಿಲಿಗೆ ಹಾಕ್ತಾರಲ್ಲ ಆ ಟೂವೇ ಥರ: ಜಗಲಿಯಲ್ಲಿ ಹತ್ತಿಸಿ ಕೊಟ್ಟಿಗೆಯಲ್ಲಿ ಆರಿಸಬಹುದು. ನೂರು ರೂಪಾಯಿ ಚಿಲ್ಲರೆ ಸ್ವಿಚ್ಚು, ಒಂದಿಷ್ಟು ತಂತಿ, ಅಷ್ಟೇ. ದನ ಮಲಗೋ ಹೊತ್ತಿಗೆ ಅಲ್ಲಿ ಪೂರ್ತಿ ಕತ್ತಲೆ. ದಣಪೆಗೆ ಸೋಲಾರ್. ಸುಲಿತದ ಮಾಡಿಗೆ ಮಾಮೂಲಿ ಟ್ಯೂಬ್‌ಲೈಟು, ಮಾಮೂಲಿ ಸ್ವಿಚ್ಚು. ಅಲ್ಲಿಗೂ ಸೆನ್ಸರ್ ಹಾಕಿ ನೋಡಿದ್ದೆ. ಸುಲಿಯೋರು ಕೂತಲ್ಲೇ ಕೂತು ಬರೀ ಕೈಬೆರಳು ಆಡಿಸ್ತಾರೆ, ಸೆನ್ಸರಿಗೆ ಯಾರೂ ಇಲ್ಲ ಅನ್ನಿಸಿ ಐದೈದು ನಿಮಿಷಕ್ಕೆ ಆರೋದು. ಕತ್ತಿಯ ಮುಂದೆ ಕೂತವರೆಲ್ಲ ಕತ್ತಲಲ್ಲಿ ಕೈ ಎತ್ತಿ ಬೀಸೋದು. ಮಾರನೇ ದಿನವೇ ತೆಗೆದೆ. ಒಂದೇ ಜಾತಿ ದೀಪ ಎಲ್ಲ ಕಡೆಗೂ ಸಲ್ಲಲ್ಲ. ನಡೆಯೋ ಕಡೆ ಸೆನ್ಸರ್, ಕೂತು ಕೆಲಸ ಮಾಡೋ ಕಡೆ ಸ್ವಿಚ್ಚು.

ಜಗಲಿ ಬಾಗಿಲ ಮೊಳೆಗೆ ಒಂದು ಬ್ಯಾಟರಿ ತೂಗುಹಾಕಿದ್ದೀನಿ, ಅದನ್ನ ಯಾರೂ ಒಳಗೆ ಒಯ್ಯುವ ಹಾಗಿಲ್ಲ. ಬಚ್ಚಲು ದಾರಿಯ ಪಾಚಿಯನ್ನೂ ಸುಣ್ಣ ಹಾಕಿ ಉಜ್ಜಿದೆ. ದೀಪಕ್ಕಿಂತ ಮೊದಲು ಮಾಡಬೇಕಾಗಿದ್ದ ಕೆಲಸ ಅದು.

ಅಮ್ಮನ ಕೈ ಕೂಡಿದೆ, ಹಿಡಿತ ಮೊದಲಿನ ಹಾಗಿಲ್ಲ. ಆರು ವಾರ ಹಾಲು ಕರೆಯೋಕೆ ನಾನು ಹೋದರೆ ಹಸು ಸೊರ ಬಿಡದೆ ಒದೀತಿತ್ತು, ಈಗ ಅಮ್ಮ ಪಕ್ಕದಲ್ಲಿ ನಿಂತರೆ ನನಗೂ ಕೊಡುತ್ತೆ. ಟೇಪು ಕಿತ್ತ ಮೇಲೂ ಆ ಸ್ವಿಚ್ಚಿನ ಮೇಲೆ ಅಂಟು ಹಾಗೇ ಉಳಿದಿತ್ತು. ಮೊನ್ನೆ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸ್ತಾ ಇದ್ದೆ, ಅಮ್ಮ ನೋಡಿ, "ಬಿಡೋ, ಕತ್ತಲಲ್ಲಿ ಕೈಗೆ ಗುರುತು ಸಿಗುತ್ತೆ" ಅಂದಳು. ಹಾಗೇ ಬಿಟ್ಟಿದ್ದೀನಿ.

ಹೊಸ ದೀಪ ತರೋ ಮುಂಚೆ ನೀವೂ ಒಂದು ಕೆಲಸ ಮಾಡಿ. ಇವತ್ತು ರಾತ್ರಿ ಮೇನ್ ಆಫ್ ಮಾಡಿ, ಫೋನ್ ಒಳಗಿಟ್ಟು, ನಿಮ್ಮ ಅಮ್ಮನೋ ಅಪ್ಪನೋ ಬೆಳಗಿನ ಜಾವ ನಡೆಯೋ ದಾರಿಯಲ್ಲಿ ಒಮ್ಮೆ ನಡೆದು ಬನ್ನಿ. ಎಲ್ಲಿ ಕಾಲು ತಡಕಾಡುತ್ತೋ ಅಲ್ಲಿ ಮೊದಲ ದೀಪ ಹಾಕಿ. ನಮ್ಮನೆ ವೈರಿಂಗ್ ನೋಡಬೇಕು ಅನ್ನೋರು ಸಂಜೆ ಆರರ ಮೇಲೆ ಬನ್ನಿ, ಕತ್ತಲಾದ ಮೇಲೆ ನೋಡಿದರೇ ಗೊತ್ತಾಗೋದು. ಚಹಾ ಕುಡಿದು ಹೋಗಬಹುದು.